ಅಂದರೂ

ಹೋದ ಭಾನುವಾರ ವಿಶಾಖಪಟ್ಟಣದ ನಮ್ಮ ಚರ್ಚಿನಲ್ಲಿ ಅಯ್ಯಗಾರಿಗೆ ಸಂತಾಪ ಸಭೆ ನಡೆಯಿತು. ಒಂಬತ್ತು ಜನ ಮಾತಾಡಿದರು, ಒಂಬತ್ತೂ ಜನ ಹೊಗಳಿದರು. ಬಡವರ ಬಂಧು ಅಂದರು, ದೀನರ ದನಿ ಅಂದರು. ಒಬ್ಬ ಮಹಾನುಭಾವರಂತೂ ಮಾತಿನ ನಡುವೆ ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು. ಆ ಒಂಬತ್ತರಲ್ಲಿ ಏಳು ಜನ, ಅಯ್ಯಗಾರನ್ನು ಈ ಊರಿನಿಂದ ಎತ್ತಂಗಡಿ ಮಾಡಿಸಿದ ಅರ್ಜಿಗೆ ಸಹಿ ಹಾಕಿದವರು. ನನಗೆ ಹೇಗೆ ಗೊತ್ತು ಎಂದರೆ, ಆ ಅರ್ಜಿಯನ್ನು ಬರೆದವನೇ ನಾನು.

ಅಯ್ಯಗಾರು ಅಂದರೆ ಪಾಸ್ಟರು. ತೆಲುಗು ಕ್ರೈಸ್ತರು ತಮ್ಮ ಸಭೆಯ ಗುರುವನ್ನು ಹಾಗೆಯೇ ಕರೆಯುವುದು. ಅವರಿಗೆ ಬೇರೆ ಹೆಸರೂ ಇತ್ತು, ಅದನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಬರೆದದ್ದೇ ಸಾಕಾಗಿದೆ. ಅಂದವಾಗಿ ಟೈಪು ಮಾಡಿಸಿ, ಮೂರು ಪ್ರತಿ ತೆಗೆಸಿದ್ದೆ.

ನಾನು ಗದಗದ ಮಗ್ಗುಲಿನ ಬೆಟಗೇರಿಯವನು. ನಮ್ಮ ಮುತ್ತಜ್ಜ ನೇಕಾರ, ಜರ್ಮನ್ ಪಾದ್ರಿಗಳ ಕಾಲದಲ್ಲಿ ಕ್ರೈಸ್ತನಾದವನು. ನಾಲ್ಕು ತಲೆಮಾರು ಕಳೆದರೂ ನಮ್ಮ ಮನೆಗಳಲ್ಲಿ ಹೆಣ್ಣು ಕೊಡುವ ಮುಂಚೆ, "ಅವರು ಮೊದಲ ಯಾರ ಪೈಕಿ ಅಂತ?" ಎಂದು ದನಿ ತಗ್ಗಿಸಿ ಕೇಳುವುದು ನಿಂತಿಲ್ಲ. ಆ 'ಮೊದಲ' ಅನ್ನುವುದು ನೂರು ವರ್ಷದ ಹಿಂದಿನ ಮಾತು. ಜರ್ಮನ್ ಪಾದ್ರಿಗಳು ಹೋದರು, ಅವರು ಹಾಕಿದ ಮಗ್ಗಗಳೂ ನಿಂತವು, ಈ ಪ್ರಶ್ನೆ ಮಾತ್ರ ಗಟ್ಟಿಮುಟ್ಟಾಗಿದೆ. ಬ್ಯಾಂಕಿನ ಬಡ್ತಿಯ ಜೊತೆಗೆ ವರ್ಗಾವಣೆ ಗಂಟುಬಿದ್ದು, ಎಂಬತ್ತರ ದಶಕದ ನಡುವೆ ವಿಶಾಖಪಟ್ಟಣದ ದ್ವಾರಕಾ ನಗರದ ಶಾಖೆಗೆ ಬಂದೆ. ಜೊತೆಗೆ ಹೆಂಡತಿ, ಮೂರು ವರ್ಷದ ಮಗಳು, ಎರಡು ಟ್ರಂಕು. ತೆಲುಗು ಒಂದಕ್ಷರ ಬರುತ್ತಿರಲಿಲ್ಲ.

ಮೊದಲ ಭಾನುವಾರವೇ ಚರ್ಚಿಗೆ ಹೋದೆವು. ಅಂದು ಕರ್ತನ ಭೋಜನವಿತ್ತು. ರೊಟ್ಟಿಯ ಚೂರು ಕೊಟ್ಟು, ಒಂದೇ ಪಾತ್ರೆಯಿಂದ ಎಲ್ಲರಿಗೂ ಒಂದೊಂದು ಗುಟುಕು ದ್ರಾಕ್ಷಾರಸ ಕುಡಿಸುವ ಆರಾಧನೆ ಅದು. ಪೀಠದ ಬಳಿ ಒಬ್ಬ ಸಣಕಲು ಮನುಷ್ಯ ನಿಂತಿದ್ದರು. ಬಿಳಿ ನಿಲುವಂಗಿ ಗಿಡ್ಡವಾಗಿ, ಕೆಳಗೆ ಗೇಣುದ್ದ ಕಾಲು ಕಾಣುತ್ತಿತ್ತು. ಬೆಳ್ಳಿಯ ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿ ತೆಲುಗಿನಲ್ಲಿ ಏನೋ ಹೇಳುತ್ತ ಬಂದವರು ಒಂದು ಮಾತಿನ ಹತ್ತಿರ ತಟ್ಟನೆ ನಿಂತರು.

"ಅಂದರೂ."

ಅಷ್ಟು ಹೇಳಿ ಸಭೆಯನ್ನು ಈ ಗೋಡೆಯಿಂದ ಆ ಗೋಡೆಯವರೆಗೆ ನೋಡಿದರು. ಮತ್ತೊಮ್ಮೆ, "ಅಂದರೂ." ನಾನು ಕಾದೆ. ಅಂದರೂ ಏನು? ಯಾರು ಏನು ಅಂದರೂ? ವಾಕ್ಯ ಅಲ್ಲಿಗೇ ನಿಂತುಹೋಯಿತು, ಜನ ಎದ್ದು ಮುಂದೆ ಹೋಗತೊಡಗಿದರು.

ಆರಾಧನೆ ಮುಗಿದು ಬಾಗಿಲಲ್ಲಿ ಕೈ ಕುಲುಕುವಾಗ, ಆ ವಾಕ್ಯವನ್ನು ಅರ್ಧಕ್ಕೆ ಯಾಕೆ ಬಿಟ್ಟಿರಿ ಎಂದು ಇಂಗ್ಲಿಷಿನಲ್ಲಿ ಕೇಳಿಯೇಬಿಟ್ಟೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಅಚ್ಚ ಕನ್ನಡದಲ್ಲಿ, "ಯಾವ ಊರಪ್ಪಾ ನಿಮ್ಮದು?" ಅಂದರು.

"ಬೆಟಗೇರಿ ರೀ."

"ಅದಕ್ಕ ಮತ್ತ! ನಾನು ಆದೋನಿ ಆಚೆ, ಆಲೂರು ಕಡೆಯವ. ಮನ್ಯಾಗ ಕನ್ನಡ, ಸಾಲ್ಯಾಗ ತೆಲುಗು. ತೆಲುಗಿನ್ಯಾಗ ಅಂದರೂ ಅಂದ್ರ ಎಲ್ಲಾರೂ ಅಂತ. ಎಲ್ಲಾರೂ ಕುಡೀರಿ ಅಂತ ಹೇಳಿದ್ದು ನಾನು." ಎಂದು ಜೋರಾಗಿ ನಕ್ಕರು. ನಗು ನಿಂತ ಮೇಲೆ ಚರ್ಚಿನ ಒಳಗೊಮ್ಮೆ ನೋಡಿ, "ನಿಮ್ಮ ಕಿವಿ ತಪ್ಪು ಕೇಳಿಲ್ಲ ಬಿಡ್ರಿ. ಇಷ್ಟು ವರ್ಷ ಆತು, ಎಲ್ಲಾರೂ ಎಲ್ಲಾರೂ ಅಂತ ಹೇಳೇ ಹೇಳ್ತೀನಿ. ಅಂದರೂ…" ಎಂದು ಕೈ ತಿರುವಿದರು.

ಆವತ್ತಿನಿಂದ ನಾನು ಅವರ ಬಾಯಲ್ಲಿ 'ಬೆಟಗೇರಿ' ಆದೆ. ನಾಲ್ಕನೆಯ ಭೇಟಿಗೆ 'ನೀವು' ಹೋಗಿ 'ನೀನು' ಬಂತು. ದಾರಿಯಲ್ಲಿ ಸೈಕಲ್ಲಿನ ಮೇಲೆ ಎದುರಾದರೆ ಇಳಿಯದೆಯೇ, "ಏನು ಬೆಟಗೇರಿ, ಅಂದರೂ ಆರಾಮಾ?" ಎಂದು ಕೂಗುತ್ತಿದ್ದರು. ಅದಕ್ಕೆ ಮನೆಯಲ್ಲಿ ಎಲ್ಲರೂ ಆರಾಮವೋ ಅಂತಲೂ ಅರ್ಥ, ಏನೇ ಅಂದರೂ ನೀನು ಆರಾಮವಾಗಿಯೇ ಇರುತ್ತೀಯಲ್ಲ ಅಂತಲೂ ಅರ್ಥ. ಎರಡನೆಯದು ನನಗೆ ತಡವಾಗಿ ತಿಳಿಯಿತು.

ಚರ್ಚಿನ ಹೊರಗೆ ಚಪ್ಪಲಿ ಬಿಡುವ ಜಾಗದಲ್ಲಿ ಅವರದೊಂದು ಆಟವಿತ್ತು. ಆಫೀಸರರ ಬೂಟು, ನೌಕಾದಳದವರ ಪಾಲಿಶ್ ಹೊಡೆದ ಷೂ, ಅವರ ಹೆಂಡಂದಿರ ಹಿಮ್ಮಡಿ ಎತ್ತರದ ಚಪ್ಪಲಿ, ಇವೆಲ್ಲ ಮೆಟ್ಟಿಲ ಮೇಲೆ ಸಾಲಾಗಿ ಕೂರುತ್ತಿದ್ದವು. ಹವಾಯಿ ಚಪ್ಪಲಿಗಳು ಕೆಳಗೆ ಮಣ್ಣಿನಲ್ಲಿ. ಯಾರೂ ಹಾಗೆ ಇಡಿ ಅಂದವರಿಲ್ಲ, ತಾವಾಗಿಯೇ ಬೇರೆಯಾಗುತ್ತಿದ್ದವು. ಅಯ್ಯಗಾರು ಒಳಗೆ ಬರುವ ಮುಂಚೆ ನಿಲುವಂಗಿ ಎತ್ತಿ ಹಿಡಿದು, ಕಾಲಿನಿಂದ ಎಲ್ಲವನ್ನೂ ಗುಡ್ಡೆ ಮಾಡಿ ಕಲಸಿಬಿಡುತ್ತಿದ್ದರು. ಆರಾಧನೆ ಮುಗಿದ ಮೇಲೆ ಪ್ರತಿ ಭಾನುವಾರ ದೊಡ್ಡವರೆಲ್ಲ ಬಗ್ಗಿ ತಮ್ಮ ಜೊತೆ ಹುಡುಕಬೇಕು. "ಇಲ್ಲಿ ಒಂದಿಷ್ಟು ಬಗ್ಗತಾರ ನೋಡು. ಒಳಗ ಬಗ್ಗಿದ್ದು ಲೆಕ್ಕಕ್ಕಿಲ್ಲ" ಅನ್ನುತ್ತಿದ್ದರು ನನ್ನ ಕಿವಿಯಲ್ಲಿ. ನನಗೂ ನಗು ಬರುತ್ತಿತ್ತು. ಆದರೆ ಮೂರನೆಯ ತಿಂಗಳಿಂದ ನನ್ನ ಬೂಟನ್ನು ಸ್ಕೂಟರಿನ ಡಿಕ್ಕಿಯಲ್ಲಿ ಇಟ್ಟು ಬರತೊಡಗಿದೆ.

ಉಪದೇಶ ಹತ್ತು ನಿಮಿಷ ಮೀರುತ್ತಿರಲಿಲ್ಲ. ತಿಂಗಳಿಗೊಮ್ಮೆ ನೌಕಾದಳದ ಕ್ವಾರ್ಟರ್ಸಿನಲ್ಲಿ ಕನ್ನಡದವರ ಪ್ರಾರ್ಥನೆ ಸೇರುತ್ತಿತ್ತು. ಮಂಗಳೂರು, ಹುಬ್ಬಳ್ಳಿ, ಕೋಲಾರ, ಎಲ್ಲ ಕಡೆಯ ಎಂಟು ಹತ್ತು ಮನೆಯವರು. ಅಲ್ಲಿಗೂ ಅವರೇ ಬರುತ್ತಿದ್ದರು. ಒಮ್ಮೆ ಒಬ್ಬ ಪೆಟ್ಟಿ ಆಫೀಸರು ಪ್ರಾರ್ಥನೆ ಮಾಡುತ್ತ, ದೇವರೇ ನೀನು ಬಡವರನ್ನು ಪ್ರೀತಿಸುವವನು ಎಂದು ಉದ್ದಕ್ಕೆ ಎಳೆದಾಗ, ಆಮೆನ್ ಆದಮೇಲೆ ಅಯ್ಯಗಾರು ಮೆಲ್ಲಗೆ ಹೇಳಿದರು: "ಪ್ರೀತಿಸ್ತಾನ, ಅದು ಬಡವರಿಗೆ ಗೊತ್ತೈತಿ, ದೇವರಿಗೂ ಗೊತ್ತೈತಿ. ನೀವು ಅವರ ಬಾಜೂ ಕುಂದರ್ತೀರೋ ಇಲ್ಲೋ, ಅದನ್ನ ಹೇಳ್ರಿ ಆತಗ." ಮುಂದಿನ ತಿಂಗಳು ಆ ಮನೆಯವರು ಬರಲಿಲ್ಲ.

ಊಟದ ವಿಷಯದಲ್ಲಿ ಅವರದು ಇನ್ನೂ ದೊಡ್ಡ ಕಾಟ. ಎಲ್ಲರ ಮನೆಯಲ್ಲೂ ತಿನ್ನುತ್ತಿದ್ದರು. ತಿಂದದ್ದನ್ನು ಮುಂದಿನ ಮನೆಯಲ್ಲಿ ಹೇಳುತ್ತಿದ್ದರು. ನಮ್ಮ ಮನೆಯ ಸೋಫಾದಲ್ಲಿ ಕೂತು, "ಈಗ ಅಪ್ಪಾಯಮ್ಮನ ಮನ್ಯಾಗ ಒಣಮೀನಿನ ಸಾರು ಉಂಡು ಬಂದೆ ತಂಗಿ, ಏನು ರುಚಿ ಅಂತೀ!" ಅನ್ನುವರು. ಅಪ್ಪಾಯಮ್ಮ ಮುನಿಸಿಪಾಲಿಟಿಯಲ್ಲಿ ಚರಂಡಿ ಬಳಿಯುವ ಹೆಂಗಸು. ನಮ್ಮ ಬೀದಿಯದೂ ಅವಳೇ ಬಳಿಯುತ್ತಿದ್ದಳು. ಅವಳ ಕೇರಿಯ ಮೂವತ್ತು ಮನೆಯವರು ನಮ್ಮ ಚರ್ಚಿನವರೇ. ನನ್ನ ಹೆಂಡತಿ ನಗುತ್ತ ತಲೆಯಾಡಿಸುವಳು, ಒಳಗೆ ಹೋಗಿ ಅಡುಗೆಮನೆಯ ಕಿಟಕಿಯ ಕಟ್ಟೆಯಿಂದ ಒಂದು ಸ್ಟೀಲ್ ಲೋಟ ತೆಗೆದು ಅದರಲ್ಲಿ ಕಾಫಿ ಕೊಡುವಳು. ತವರಿನಿಂದ ಬಂದ ಲೋಟ, ಅಂಚು ನಗ್ಗಿದ್ದು, ಹೊಟ್ಟೆಯ ಮೇಲೆ ಅವಳ ಹೆಸರಿನ ಮೊದಲಕ್ಷರ 'ಸು' ಎಂದು ಕೊರೆದದ್ದು. ಅದು ಅಯ್ಯಗಾರಿಗೆ ಮಾತ್ರ. ಉಳಿದವಕ್ಕೆ ಸೇರಿಸಿ ತೊಳೆಯುತ್ತಿರಲಿಲ್ಲ.

"ಅವರು ಪಾಸ್ಟರು ಮಾರಾಯ್ತಿ" ಎಂದು ನಾನೊಮ್ಮೆ ಅಂದೆ.

"ಪಾಸ್ಟರಿಗಲ್ಲರೀ. ಅವರು ಎಲ್ಲೆಲ್ಲಿ ಉಂಡು ಬರ್ತಾರ, ಅದಕ್ಕ" ಅಂದಳು. ನಾನು ಸುಮ್ಮನಾದೆ. ಸುಮ್ಮನಾಗುವುದರಲ್ಲಿ ನನ್ನಷ್ಟು ಪಳಗಿದವರು ಕಡಿಮೆ.

ಗೊತ್ತಾಗದೆ ಇರುತ್ತದೆಯೇ ಅವರಿಗೆ? ಒಂದು ದಿನ ಬಂದವರೇ ನೇರವಾಗಿ ಅಡುಗೆಮನೆಗೆ ಹೋಗಿ, "ತಂಗೀ, ನನ್ನ ಲೋಟ ಎಲ್ಲೈತಿ?" ಎಂದು ಕಿಟಕಿಯಿಂದ ತಾವೇ ತೆಗೆದುಕೊಂಡರು. ಕುಡಿದು, ತಾವೇ ತೊಳೆದು, ಅಲ್ಲೇ ಬೋರಲು ಹಾಕಿದರು. ದನಿಯಲ್ಲಿ ಒಂದಿಷ್ಟೂ ಕೊಂಕಿಲ್ಲ. ಕೊಂಕಿದ್ದಿದ್ದರೆ ಜಗಳವಾಡಿ ಬಚಾವಾಗಬಹುದಿತ್ತು ನಾವು.

ಈಗ ಪಾತ್ರೆಯ ಕಥೆಗೆ ಬರಬೇಕು.

ನಮ್ಮ ಚರ್ಚಿನಲ್ಲಿ ಮುಂದೆ ಕುರ್ಚಿಗಳು, ಹಿಂದೆ ಚಾಪೆಗಳು, ಅದರಾಚೆ ವರಾಂಡ. ಅಪ್ಪಾಯಮ್ಮನ ಕೇರಿಯವರು ವರಾಂಡದಲ್ಲಿ ಕೂರುತ್ತಿದ್ದರು. ಕರ್ತನ ಭೋಜನಕ್ಕೆ ಮೊದಲು ಕುರ್ಚಿಯವರು ಏಳಬೇಕು, ಆಮೇಲೆ ಚಾಪೆಯವರು, ಕಡೆಗೆ ವರಾಂಡದವರು. ಈ ನಿಯಮ ಯಾವ ಪುಸ್ತಕದಲ್ಲೂ ಇರಲಿಲ್ಲ. ಅಯ್ಯಗಾರು ಒಬ್ಬೊಬ್ಬರು ಕುಡಿದ ಮೇಲೂ ಬಿಳಿಬಟ್ಟೆಯಲ್ಲಿ ಅಂಚು ಒರೆಸಿ, ಪಾತ್ರೆ ತುಸು ತಿರುಗಿಸಿ ಮುಂದಿನವರಿಗೆ ಹಿಡಿಯುತ್ತಿದ್ದರು. ಎಂಜಲು ಮೇಲಿನಿಂದ ಕೆಳಕ್ಕೆ ಇಳಿಯುವವರೆಗೆ ಯಾರಿಗೂ ತಕರಾರಿರಲಿಲ್ಲ.

ಒಂದು ಭಾನುವಾರ ಅವರು "ಅಂದರೂ" ಅಂದವರೇ, ಎದ್ದು ನಿಂತಿದ್ದ ಕುರ್ಚಿಯವರನ್ನು ದಾಟಿ, ಚಾಪೆಗಳ ನಡುವೆ ಹಾದು, ಪಾತ್ರೆಯೊಂದಿಗೆ ವರಾಂಡಕ್ಕೆ ಹೋದರು. ಮೊದಲು ಸಿಕ್ಕವಳು ಅಪ್ಪಾಯಮ್ಮ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ವದ್ದು ಅಯ್ಯಗಾರೂ, ವದ್ದು" ಎಂದಳು. ಬೇಡ, ಬೇಡ ಎಂದು. "ತಾಗಮ್ಮಾ" ಅಂದರು ಅವರು. ಕುಡಿಯಮ್ಮಾ ಎಂದು. ಅವಳು ಕುಡಿದಳು. ಅವರು ಅಂಚು ಒರೆಸಿದರು, ತಿರುಗಿಸಿದರು, ವರಾಂಡ ಮುಗಿಸಿ ಚಾಪೆಗಳಿಗೆ ಬಂದರು, ಚಾಪೆ ಮುಗಿಸಿ ನಮ್ಮ ಕಡೆ ಬಂದರು. ಅಷ್ಟರಲ್ಲಿ ಅರ್ಧಕ್ಕರ್ಧ ಕುರ್ಚಿಯವರು ಮತ್ತೆ ಕೂತಿದ್ದರು. ಕೆಲವರಿಗೆ ಕೆಮ್ಮು ಬಂತು, ಕೆಲವರ ಮಕ್ಕಳಿಗೆ ಹೊರಗೆ ಹೋಗಬೇಕಾಯಿತು.

ನಾನು ಮಂಡಿಯೂರಿದೆ. ಓಹೋ, ಧೈರ್ಯಸ್ಥ ಅಂದುಕೊಳ್ಳಬೇಡಿ. ಪಾತ್ರೆ ಬಂದಾಗ ತುಟಿ ಬಿಗಿಯಾಗಿ ಮುಚ್ಚಿಕೊಂಡೇ ಅಂಚಿಗೆ ತಾಗಿಸಿ, ಗಂಟಲನ್ನು ನುಂಗಿದಂತೆ ಆಡಿಸಿದೆ. ತಲೆಯೆತ್ತಿದರೆ ಅಯ್ಯಗಾರು ನನ್ನ ಗಂಟಲನ್ನೇ ನೋಡುತ್ತಿದ್ದರು. ಬಟ್ಟೆಯಿಂದ ಒರೆಸುವ ಅಗತ್ಯವಿರಲಿಲ್ಲ, ಆದರೂ ಒರೆಸಿದರು.

ವಾರದೊಳಗೆ ಸಭೆಯ ಕಮಿಟಿ ಸೇರಿತು. ನಾನು ಅದರ ಕಾರ್ಯದರ್ಶಿ; ಬ್ಯಾಂಕಿನವನು, ಚೆನ್ನಾಗಿ ಡ್ರಾಫ್ಟ್ ಮಾಡುತ್ತೇನೆ ಎಂದು ಹಿಂದಿನ ವರ್ಷ ಆರಿಸಿದ್ದರು. ಎಲ್ಲರ ಹೊಟ್ಟೆಯಲ್ಲೂ ಒಂದೇ ಮಾತು, ಯಾರ ಬಾಯಿಗೂ ಅದು ಬರಲೊಲ್ಲದು. ಎಷ್ಟಾದರೂ ಕ್ರೈಸ್ತರಲ್ಲವೇ ನಾವು! ಹಿರಿಯರಲ್ಲಿ ಒಬ್ಬರು ನಿವೃತ್ತ ಎಂಜಿನಿಯರು, ಬಹಳ ಮರ್ಯಾದಸ್ಥರು. ಅವರು ನನ್ನ ಕಡೆ ತಿರುಗಿ, "ಆಫೀಸರ್ ಗಾರೂ, ನೀವು ಹೇಳಿ, ಇದನ್ನು ಹೇಗೆ ಬರೆಯುವುದು?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಮೊದಲ ಸಾಲಿನ ಕುರ್ಚಿ, ಆಫೀಸರ್ ಗಾರೂ ಎಂಬ ಕರೆ, ಇವೆಲ್ಲ ನನಗೆ ಒಳಗೊಳಗೇ ಹಿತವಾಗಿದ್ದವು. ನಾನು ಪೆನ್ನು ತೆಗೆದು ಒಂದೇ ಸಾಲು ಬರೆದೆ. ಎಲ್ಲರ ಆರೋಗ್ಯದ ದೃಷ್ಟಿಯಿಂದ ಇನ್ನು ಮುಂದೆ ಒಂದೇ ಪಾತ್ರೆಯ ಬದಲು ಪ್ರತ್ಯೇಕ ಸಣ್ಣ ಗಾಜಿನ ಲೋಟಗಳಲ್ಲಿ ದ್ರಾಕ್ಷಾರಸ ಕೊಡತಕ್ಕದ್ದು. ಎಂಜಿನಿಯರು ಅದನ್ನು ಓದಿ ಉಸಿರು ಬಿಟ್ಟರು. ಎಂಥ ಬಿಡುಗಡೆ! ಯಾರೂ ಜಾತಿಯ ಮಾತೆತ್ತಿರಲಿಲ್ಲ. ಲೋಟಗಳು ಬಂದವು, ಎರಡು ತಟ್ಟೆಗಳಲ್ಲಿ. ಒಂದು ತಟ್ಟೆಯವನ್ನು ಒಳಗಿನ ಕೋಣೆಯಲ್ಲಿ ತೊಳೆಯುವುದು, ಇನ್ನೊಂದರವನ್ನು ಹಿತ್ತಿಲ ನಲ್ಲಿಯಲ್ಲಿ. ಅದನ್ನು ಮಾತ್ರ ನಾನು ಬರೆದಿರಲಿಲ್ಲ. ಬರೆಯಬೇಕಾಗಿಯೂ ಇರಲಿಲ್ಲ.

ಅಯ್ಯಗಾರು ಕಮಿಟಿಯ ಎದುರಿಗೇ ಆ ಠರಾವನ್ನು ನನ್ನಿಂದಲೇ ಓದಿಸಿದರು. ತೆಲುಗಿಗೆ ತಿರುಗಿಸಿದ ಪ್ರತಿ. "ಅಂದರಿ ಆರೋಗ್ಯಂ ದೃಷ್ಟ್ಯಾ" ಎಂದು ಶುರುವಾಗುತ್ತಿತ್ತು. ನಾನು ಆ ಮೊದಲ ಪದ ಓದುತ್ತಲೇ ಅವರು ಕೈಯೆತ್ತಿ ನಿಲ್ಲಿಸಿದರು.

"ಅಂದರಿ ಅಂದ್ರೇನು, ಬೆಟಗೇರಿ?"

"ಎಲ್ಲಾರದು ಅಂತ ರೀ."

"ಶಬ್ದ ಕಲ್ತೀ ಹಂಗಾರ" ಅಂದರು.  ಕಮಿಟಿಯವರಿಗೆ ಕನ್ನಡ ಬಾರದೆ ಇದ್ದದ್ದು ನನ್ನ ಪುಣ್ಯ ಅಂದುಕೊಂಡೆ.

ಮುಂದಿನ ಭೋಜನದ ಭಾನುವಾರ ಪೀಠದ ಮೇಲೆ ಎರಡೂ ತಟ್ಟೆ ಸಿದ್ಧವಾಗಿದ್ದವು, ಒಂದೊಂದು ಲೋಟದಲ್ಲೂ ಗುಟುಕು ದ್ರಾಕ್ಷಾರಸ. ಅಯ್ಯಗಾರು ಬೆಳ್ಳಿಯ ಪಾತ್ರೆಯನ್ನು ನಡುವೆ ಇಟ್ಟು, ಲೋಟಗಳನ್ನು ಒಂದೊಂದಾಗಿ ಎತ್ತಿ ಅದರೊಳಗೆ ಸುರಿಯತೊಡಗಿದರು. ಈ ತಟ್ಟೆಯದೊಂದು, ಆ ತಟ್ಟೆಯದೊಂದು. ಅವಸರವೇ ಇಲ್ಲ. ಇಡೀ ಚರ್ಚು ಗಾಜಿನ ಟಿಣ್ ಟಿಣ್ ಕೇಳುತ್ತ ಕೂತಿತ್ತು. ಎಲ್ಲ ಸುರಿದ ಮೇಲೆ ಪಾತ್ರೆ ಎತ್ತಿ, "ಅಂದರೂ" ಎಂದು ಹೇಳಿ ನಿಂತರು.

ವರಾಂಡದವರು ಬಂದರು. ಚಾಪೆಯಿಂದ ನಾಲ್ಕೈದು ಜನ ಬಂದರು. ಕುರ್ಚಿಯಿಂದ ಒಬ್ಬರೂ ಇಲ್ಲ. ಅವರು ಕಾದರು. ಯಾರನ್ನೂ ಗದರಿಸಲಿಲ್ಲ, ಕರೆಯಲಿಲ್ಲ, ಪಾತ್ರೆ ಹಿಡಿದು ನನ್ನ ಕಡೆ ನೋಡುತ್ತ ನಿಂತರು. ಎದ್ದು ಹತ್ತು ಹೆಜ್ಜೆ ನಡೆದಿದ್ದರೆ ಮುಗಿಯುತ್ತಿತ್ತು. ನಾನೊಬ್ಬ ಎದ್ದಿದ್ದರೆ ಕನ್ನಡದ ಮನೆಯವರಾದರೂ ಏಳುತ್ತಿದ್ದರು, ಇದು ಈಗಿನ ಊಹೆಯಲ್ಲ, ಅವರೇ ಆಮೇಲೆ ಹೇಳಿದ್ದು. ನಾನು ಸಂಗೀತದ ಪುಸ್ತಕ ತೆರೆದು ಮುಂದಿನ ಹಾಡಿನ ಪುಟ ಹುಡುಕತೊಡಗಿದೆ. ಪುಟ ಸಿಕ್ಕರೂ ಹುಡುಕುತ್ತಲೇ ಇದ್ದೆ. ಥೂ ನನ್ನ ಜನ್ಮಕ್ಕೆ!

ಪಾತ್ರೆಯಲ್ಲಿ ಮಿಕ್ಕದ್ದನ್ನು ಚೆಲ್ಲುವಂತಿಲ್ಲ, ಗುರುವೇ ಕುಡಿದು ಮುಗಿಸಬೇಕು ಎಂಬುದು ನಮ್ಮಲ್ಲಿಯ ಕ್ರಮ. ಆವತ್ತು ಮುಕ್ಕಾಲು ಪಾತ್ರೆ ಮಿಕ್ಕಿತ್ತು. ಅಯ್ಯಗಾರು ಪೀಠಕ್ಕೆ ಬೆನ್ನು ಮಾಡಿ, ಸಭೆಗೆ ಮುಖ ಮಾಡಿ, ನಿಂತಲ್ಲೇ ಅದನ್ನೆಲ್ಲ ಕುಡಿದರು. ಕಡೆಯ ಗುಟುಕಿಗೆ ಕೆಮ್ಮು ಬಂದು ನಿಲುವಂಗಿಯ ಎದೆಯ ಮೇಲೆ ಒಂದಿಷ್ಟು ಚೆಲ್ಲಿತು.

ಬಿಷಪ್ಪರಿಗೆ ಅರ್ಜಿ ಹೋದದ್ದು ಆ ಬುಧವಾರ. ಅದರಲ್ಲಿ ಆರು ಅಂಶಗಳಿದ್ದವು, ಐದು ಲೆಕ್ಕಕ್ಕೆ ಬರುವಂಥವಲ್ಲ. ಆರನೆಯದು ನನ್ನದು. 'ಸದರಿ ಗುರುಗಳು ಆರಾಧನೆಯ ಮಧ್ಯೆ, ಸ್ತ್ರೀಯರು ಮಕ್ಕಳಾದಿಯಾಗಿ ಇಡೀ ಸಭೆಯ ಎದುರಿಗೆ, ಪಾತ್ರೆಯಲ್ಲಿದ್ದ ದ್ರಾಕ್ಷಾರಸವನ್ನೆಲ್ಲ ತಾವೊಬ್ಬರೇ ಕುಡಿದರು, ಬಟ್ಟೆಯ ಮೇಲೂ ಚೆಲ್ಲಿಕೊಂಡರು.' ಇದರಲ್ಲಿ ಒಂದೇ ಒಂದು ಸುಳ್ಳು ತೋರಿಸಿ ನೋಡೋಣ! ಬ್ಯಾಂಕಿನಲ್ಲಿ ಇಷ್ಟು ವರ್ಷ ಕಲಿತದ್ದು ಅದನ್ನೇ. ಸುಳ್ಳು ಬರೆದರೆ ಕೆಲಸ ಹೋಗುತ್ತದೆ, ನಿಜವನ್ನು ಸರಿಯಾಗಿ ಕತ್ತರಿಸಿ ಬರೆದರೆ ಎದುರಿನವನದು ಹೋಗುತ್ತದೆ. ಬಿಷಪ್ಪರು ದೂರದಲ್ಲಿ ಕೂತು ಓದಿದವರು, ಕುಡುಕ ಪಾಸ್ಟರು ಎಂದುಕೊಂಡರು. ತಿಂಗಳೊಳಗೆ ವರ್ಗದ ಆದೇಶ ಬಂತು, ವಿಜಯವಾಡದ ಕಾಲುವೆ ಏರಿಯ ಮೇಲಿನ ಗುಡಿಸಲು ಕೇರಿಗೆ. ಅಲ್ಲಿ ಚರ್ಚೇ ಇರಲಿಲ್ಲ.

ಹೊರಡುವ ಮುಂಚೆ ನಮ್ಮ ಮನೆಗೂ ಬಂದರು. ನಾನು ಅರ್ಜಿಯ ಮಾತು ಎತ್ತುತ್ತಾರೆಂದು ಕಾದೆ. ಕಾಫಿ ಕುಡಿದು, ಲೋಟ ತೊಳೆದು, ಈ ಸಲ ಬೋರಲು ಹಾಕದೆ ಒರೆಸಿ ಕೈಯಲ್ಲೇ ಹಿಡಿದುಕೊಂಡರು.

"ತಂಗೀ, ನನ್ನ ಲೋಟ ನಾ ಒಯ್ಲೇನು? ಅಲ್ಲಿ ಏನೂ ಇಲ್ಲಂತ."

ನನ್ನ ಹೆಂಡತಿಯ ಮುಖ ಕೆಂಪಗಾಯಿತು. "ಅದು ನಗ್ಗೇತ್ರಿ, ಬ್ಯಾರೆ ಕೊಡ್ತೀನಿ" ಎಂದು ಒಳಗೆ ಓಡಿದಳು. ಹೊಸ ಲೋಟ ತರುವಷ್ಟರಲ್ಲಿ ಅವರು ಹಳೆಯದನ್ನೇ ಜೋಳಿಗೆಗೆ ಹಾಕಿಕೊಂಡು ಸೈಕಲ್ ಏರಿದ್ದರು.

ನಾಲ್ಕು ವರ್ಷದ ಮೇಲೆ ನನಗೂ ವಿಜಯವಾಡಕ್ಕೆ ವರ್ಗವಾಯಿತು. ಹೋದ ವಾರವೇ ಅವರನ್ನು ಹುಡುಕಿಕೊಂಡು ಹೋಗಿ ಕಾಲು ಹಿಡಿಯಬೇಕೆಂದಿದ್ದೆ. ವಾರ ತಿಂಗಳಾಯಿತು, ತಿಂಗಳು ವರ್ಷವಾಯಿತು. ಬಿಸಿಲು ಅಂದೆ, ಆಡಿಟ್ ಅಂದೆ. ಕಡೆಗೆ ಸಿಕ್ಕದ್ದು ಸೀರೆಯ ದೆಸೆಯಿಂದ. ನಾದಿನಿಯ ಮದುವೆಗೆಂದು ಒಂದು ಭಾನುವಾರ ಮಂಗಳಗಿರಿಗೆ ಹೋಗಿ, ಮಗ್ಗದ ಮನೆಯಿಂದಲೇ ನಾಲ್ಕು ಸೀರೆ ಕಟ್ಟಿಸಿಕೊಂಡು ವಾಪಸು ಬಸ್ಸು ಹತ್ತಿದ್ದೆ. ಹಿಂದಿನ ಸೀಟಿನಿಂದ, "ಬೆಟಗೇರಿ!" ಎಂಬ ಕೂಗು. ನನ್ನನ್ನು ಹಾಗೆ ಕರೆಯುವವರು ಈ ಲೋಕದಲ್ಲಿ ಒಬ್ಬರೇ.

ಇನ್ನಷ್ಟು ಸಣಕಲಾಗಿದ್ದರು, ಕತ್ತಿನ ನರಗಳು ಎಣಿಸುವಂತಿದ್ದವು. "ಮಗ್ಗದ ಮನಿಗೆ ಹೋಗಿದ್ದೇನು? ಅಜ್ಜನ ನೆನಪಾತೋ?" ಎಂದು ಸೀರೆಯ ಕಟ್ಟನ್ನು ತಟ್ಟಿದರು. "ಬಾ, ಐದಕ್ಕ ನಮ್ಮ ಆರಾಧನಿ ಐತಿ."

ಕಾಲುವೆ ಏರಿಯ ಮೇಲೆ ನಾಲ್ಕು ಕಂಬ, ಮೇಲೆ ತಗಡು. ಕುರ್ಚಿ ಇಲ್ಲ, ಚಾಪೆಯೂ ಇಲ್ಲ, ನೆಲಕ್ಕೆ ಗೋಣಿ ಹಾಸಿದ್ದರು. ರಿಕ್ಷಾ ತುಳಿಯುವವರು, ಮೂಟೆ ಹೊರುವವರು, ಕಾಗದ ಆಯುವ ಹೆಂಗಸರು, ಎಲ್ಲ ಸೇರಿ ಅರವತ್ತು ಜನ. ನಾನು ಸೀರೆಯ ಕಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಪ್ರಾರ್ಥನೆ ಆಯಿತು, ರೊಟ್ಟಿ ಆಯಿತು. ಆಮೇಲೆ ಅವರು ಎರಡೂ ಕೈಯಲ್ಲಿ ಪಾತ್ರೆ ಎತ್ತಿ "ಅಂದರೂ" ಅಂದರು. ಅದು ಸ್ಟೀಲಿನದು. ಅಂಚು ನಗ್ಗಿತ್ತು. ನನ್ನ ಸರದಿ ಬಂದು ಮುಖದ ಹತ್ತಿರ ಹಿಡಿದಾಗ ಹೊಟ್ಟೆಯ ಮೇಲಿನ 'ಸು' ಕಾಣಿಸಿತು.

ಕುಡಿದೆ. ಈ ಸಲ ನಿಜಕ್ಕೂ ಕುಡಿದೆ. ನನಗಿಂತ ಮುಂಚೆ ನಲವತ್ತು ಬಾಯಿ ತಾಗಿತ್ತು, ನನಗೇನೂ ಆಗಲಿಲ್ಲ. ಕಣ್ಣಲ್ಲಿ ನೀರು ಬಂತು. ಒಳ್ಳೆಯವನಾಗಿಬಿಟ್ಟೆ ಎನಿಸಿತು.

ಎಲ್ಲರೂ ಹೋದಮೇಲೆ ಅವರು ಲೋಟ ತೊಳೆಯುತ್ತಿದ್ದರು. ಪಕ್ಕದಲ್ಲಿ ಕೂತು ಹೇಳಿದೆ: "ಅಯ್ಯಗಾರೂ, ಆ ಅರ್ಜಿ ಬರದಾವ ನಾನು."

"ಗೊತ್ತೈತಿ. ಅಷ್ಟು ಚಂದ ಯಾರು ಬರೀತಾರ ಅಲ್ಲಿ?"

"ಕ್ಷಮಿಸಿಬಿಡ್ರಿ."

ಅವರು ಲೋಟವನ್ನು ಬಟ್ಟೆಯಲ್ಲಿ ಸುತ್ತಿ ಜೋಳಿಗೆಯಲ್ಲಿ ಇಟ್ಟರು. "ನನ್ನ ಮ್ಯಾಲೆ ಬರದೀ, ನಾ ಕ್ಷಮಿಸೀನಿ, ಅದು ಮುಗೀತು. ಆದ್ರ ಠರಾವು ಬರದದ್ದು ನನ್ನ ಮ್ಯಾಲೆ ಅಲ್ಲ. ಆಕಿ ಬಾಯಿ ಮ್ಯಾಲೆ. ಅಪ್ಪಾಯಮ್ಮನ್ನ ಕೇಳು ಹೋಗಿ."

ನಾನು ಸೀರೆಯ ಕಟ್ಟಿನ ದಾರ ಬಿಗಿಮಾಡತೊಡಗಿದೆ.

"ಇಲ್ಲಿ ಕುಡಿಯೂದು ಸಸಾರ, ಬೆಟಗೇರಿ. ಇಲ್ಲಿ ನಿನ್ನ ಯಾರು ನೋಡ್ತಾರ? ಅಲ್ಲಿ ಕುಡೀಬೇಕಿತ್ತು ನೀನು" ಅಂದರು. ಬಸ್ ಸ್ಟಾಂಡಿನವರೆಗೂ ಬಂದು ಸೀರೆಯ ಕಟ್ಟನ್ನು ಕಿಟಕಿಯಿಂದ ಒಳಗೆ ಕೊಟ್ಟರು. ಅದೇ ಕಡೆಯ ಭೇಟಿ. ಮತ್ತೆ ಎರಡು ವರ್ಷ ಅದೇ ಊರಿನಲ್ಲಿದ್ದೆ, ಕಾಲುವೆ ಏರಿಯ ಕಡೆ ಹೋಗಲಿಲ್ಲ.

ಮನೆಗೆ ಬಂದು ಲೋಟದ ವಿಷಯ ಹೆಂಡತಿಗೆ ಹೇಳಿದೆ. ಅವಳು ಸೀರೆಯ ಕಟ್ಟನ್ನು ತೆಗೆದುಕೊಂಡು ಕಪಾಟಿನ ಮೇಲಿಟ್ಟಳು. ಆಮೇಲೆ, "ಅಂಚು ನಗ್ಗಿತ್ತಲ್ಲರೀ, ಮಂದಿ ತುಟಿಗೆ ಚುಚ್ಚಲಿಕ್ಕಿಲ್ಲಾ?" ಅಂದಳು. ಸೀರೆಗಳನ್ನು ಬಿಚ್ಚಿ ನೋಡಲಿಲ್ಲ.

ಐದು ವರ್ಷದ ಹಿಂದೆ ಮತ್ತೆ ವಿಶಾಖಪಟ್ಟಣಕ್ಕೇ ಬಂದೆ. ಪ್ರತಿ ಭಾನುವಾರ ಅಪ್ಪಾಯಮ್ಮ ವರಾಂಡದಲ್ಲಿ ಕೂತಿರುತ್ತಾಳೆ. ಮುನಿಸಿಪಾಲಿಟಿಯ ಕೆಲಸದಿಂದ ನಿವೃತ್ತಿಯಾಗಿದೆ, ಈಗ ಚರ್ಚು ಗುಡಿಸುತ್ತಾಳೆ. ಪ್ರತಿ ಭಾನುವಾರ ಇವತ್ತು ಕೇಳುತ್ತೇನೆ ಎಂದುಕೊಂಡು ಮೆಟ್ಟಿಲು ಹತ್ತುತ್ತೇನೆ, ಮುಂದಿನ ವಾರ ಎಂದುಕೊಂಡು ಇಳಿಯುತ್ತೇನೆ. ಲೋಟಗಳು ಈಗಲೂ ಎರಡು ತಟ್ಟೆಯಲ್ಲೇ ಬರುತ್ತವೆ. ಚಪ್ಪಲಿಗಳು ಮತ್ತೆ ತಮ್ಮ ತಮ್ಮ ಜಾಗದಲ್ಲಿ ಸಾಲಾಗಿ ಕೂರುತ್ತವೆ.

ಸಂತಾಪ ಸಭೆಯಲ್ಲಿ ಎಂಟನೆಯವನಾಗಿ ನನ್ನನ್ನು ಕರೆದರು. ಎದ್ದು ಮೈಕಿನ ಮುಂದೆ ನಿಂತೆ. ಎದುರಿಗೆ ಎಂಜಿನಿಯರು ಕೂತಿದ್ದರು, ದೂರದಲ್ಲಿ ವರಾಂಡ ಕಾಣುತ್ತಿತ್ತು. ಹೇಳಬೇಕಾದ್ದು ಗಂಟಲವರೆಗೆ ಬಂದಿತ್ತು. "ಅಯ್ಯಗಾರು ತುಂಬ ಸೊಗಸಾಗಿ ಕನ್ನಡ ಮಾತಾಡುತ್ತಿದ್ದರು" ಎಂದು ಹೇಳಿ ಬಂದು ಕೂತೆ. ಚಪ್ಪಾಳೆಯೂ ಬಿತ್ತು. ಒಂಬತ್ತನೆಯವರು ಎಂಜಿನಿಯರು. ಕರವಸ್ತ್ರ ತೆಗೆದವರು ಅವರೇ. ಅಪ್ಪಾಯಮ್ಮನನ್ನು ಮಾತಾಡಲು ಯಾರೂ ಕರೆಯಲಿಲ್ಲ.

ಮುಗಿದ ಮೇಲೆ ಅಂಗಳದಲ್ಲಿ ಚಹಾ ಕೊಟ್ಟರು. ಈಗ ಬಂದಿವೆಯಲ್ಲ, ಕುಡಿದು ಎಸೆಯುವ ತೆಳ್ಳನೆಯ ಪ್ಲಾಸ್ಟಿಕ್ ಲೋಟಗಳು, ಅವುಗಳಲ್ಲಿ. ಕುರ್ಚಿಯವರಿಗೂ ಅದೇ, ವರಾಂಡದವರಿಗೂ ಅದೇ. ಇಷ್ಟು ವರ್ಷದಲ್ಲಿ ನಮ್ಮ ಚರ್ಚಿನಲ್ಲಿ ಎಲ್ಲರಿಗೂ ಒಂದೇ ಥರದ ಲೋಟ ಸಿಕ್ಕಿದ್ದು ಆವತ್ತೇ. ಕುಡಿದವರು ಅಲ್ಲಲ್ಲೇ ಎಸೆದರು. ಅಪ್ಪಾಯಮ್ಮ ಒಂದು ಗೋಣಿಚೀಲ ಹಿಡಿದು, ಬಗ್ಗಿ ಬಗ್ಗಿ ಅವನ್ನು ಆಯತೊಡಗಿದಳು.

ನಾನು ಖಾಲಿ ಲೋಟ ಹಿಡಿದು ನಿಂತೇ ಇದ್ದೆ. ಆಯುತ್ತ ಆಯುತ್ತ ನನ್ನ ಹತ್ತಿರ ಬಂದಳು. ಇನ್ನೇನು ದಾಟಿಹೋಗುತ್ತಾಳೆ ಅನ್ನುವಾಗ ನನ್ನ ಹರಕು ತೆಲುಗಿನಲ್ಲಿ ಹೇಳಿಯೇಬಿಟ್ಟೆ. ಅಪ್ಪಾಯಮ್ಮಾ, ಆ ಬೇರೆ ಲೋಟದ ಕಾಗದ, ಅಯ್ಯಗಾರ ಮೇಲಿನ ಕಾಗದ, ಎರಡನ್ನೂ ಬರೆದವನು ನಾನು ಎಂದೆ. ಹನ್ನೆರಡು ವರ್ಷದಿಂದ ವರಾಂಡದ ಯಾರಿಗೂ ತಿಳಿಯದ ಗುಟ್ಟೆಂದು ಹೊತ್ತು ತಿರುಗಿದ್ದ ಮಾತು. 

ಅವಳು ಸೊಂಟ ನೆಟ್ಟಗೆ ಮಾಡಿಕೊಂಡು ನನ್ನ ಮುಖ ನೋಡಿದಳು. ಆಶ್ಚರ್ಯವಿಲ್ಲ, ಸಿಟ್ಟೂ ಇಲ್ಲ.

"ತೆಲುಸು ಬಾಬೂ" ಅಂದಳು. ಗೊತ್ತು ಅಂತ. "ಅಂದರಿಕೀ ತೆಲುಸು."

ಎಲ್ಲರಿಗೂ ಗೊತ್ತು.

ಗೋಣಿಚೀಲದ ಬಾಯಿ ಅಗಲ ಮಾಡಿ ನನ್ನ ಮುಂದೆ ಹಿಡಿದಳು. ಲೋಟವನ್ನು ಅದರೊಳಗೆ ಹಾಕಿದೆ.